ಆಚೆ ಕಡೆಗೆ ಅರಳಿದ ದಾಸವಾಳ

ದೇವರ ಹತ್ತಿರ ನಾನು ದೊಡ್ಡದೇನನ್ನೂ ಕೇಳುವವಳಲ್ಲ. ಹಾಲು ಉಕ್ಕುವ ಮೊದಲೇ ಕಣ್ಣು ಒಲೆಯ ಕಡೆ ಹೋದರೆ ಒಂದು ಕೃಪೆ, ತಿಪಟೂರಿನ ಬಸ್ಸಿನಲ್ಲಿ ಸೀಟು ಸಿಕ್ಕರೆ ಇನ್ನೊಂದು. ಹೀಗೆ ಎಣಿಸಿಕೊಂಡೇ ದಿನ ಕಳೆಯುವ ನಾನು ಹೋದ ವರ್ಷ ಮಾತ್ರ ಒಂದು ಆಸೆಗೆ ಬಿದ್ದೆ. ನಮ್ಮ ಹಿತ್ತಲ ಬೇಲಿ ಕಣ್ಣಿಗೆ ಕಾಣಬಾರದು.

ಅದನ್ನು ಬೇಲಿ ಎನ್ನುವುದೂ ಕಷ್ಟ. ತುಕ್ಕು ಹಿಡಿದ ತಗಡು, ಮುಳ್ಳುತಂತಿ, ಒಣಗಿದ ತೆಂಗಿನ ಗರಿ, ಸಂದು ಬಿದ್ದಲ್ಲಿ ಮಾವನವರ ಕಾಲದ ಕಬ್ಬಿಣದ ಮಂಚ. ಬೆಳಗ್ಗೆ ತುಳಸಿಗೆ ಸುತ್ತು ಬರುವಾಗ ಪ್ರತಿ ಸುತ್ತಿಗೂ ಆ ಮಂಚದ ದರ್ಶನ. ಕೈ ಮುಗಿದದ್ದು ಯಾರಿಗೆ ಎಂದು ನನಗೇ ಅನುಮಾನ ಬರುತ್ತಿತ್ತು.

ಗಿಡ ಹಾಕಿ ಮುಚ್ಚೋಣವೆಂದರೆ ಮನೆಯಲ್ಲಿ ಒಂದೊಂದು ಗಿಡಕ್ಕೂ ಒಂದೊಂದು ತಕರಾರು. ಕಾಗದದ ಹೂವೆಂದರೆ, "ದೇವ್ರಿಗೆ ಇಡಕ್ಕಾಗದ ಹೂವ ಯಾಕವ್ವ?" ಎಂದರು ಅತ್ತೆ. ಕಣಗಿಲೆ ಎಂದೆ. "ಹಸ ಬಾಯಾಕಿದ್ರೆ ಗೋವಿಂದ. ಬುಡು ಅದನ್ನ" ಎಂದರು ಯಜಮಾನರು. ಅವರ ಪಾಲಿಗೆ ತೆಂಗು ಬಿಟ್ಟು ಮಿಕ್ಕಿದ್ದೆಲ್ಲ ತೆಂಗಿನ ನೀರು ಕದಿಯುವ ಕಳ್ಳರೇ. ಕೊನೆಗೆ ದಾಸವಾಳ ಗೆದ್ದಿತು. ಕಡ್ಡಿ ಚುಚ್ಚಿದರೂ ಬರುತ್ತದೆ, ಪೂಜೆಗೂ ಆಗುತ್ತದೆ. ನೊಣವಿನಕೆರೆಯ ತಂಗಿಯ ಮನೆಯಿಂದ ಕಡ್ಡಿ ತಂದು, ಪಾತ್ರೆ ತೊಳೆದ ನೀರು ಹಾಕಿ ಬೆಳೆಸಿದೆ.

ಬೇಲಿಯಾಚೆಯ ಗಂಗಕ್ಕನಿಗೆ ಒಂದು ಮಾತು ಹೇಳಬೇಕೆಂದು ಮಾತ್ರ ಹೊಳೆಯಲಿಲ್ಲ. ಇಪ್ಪತ್ತು ವರ್ಷದಿಂದ ನಮ್ಮಿಬ್ಬರ ಹೆಪ್ಪಿನ ಲೋಟ ಆ ಮಂಚದ ಸಂದಿನಲ್ಲೇ ಓಡಾಡುತ್ತಿತ್ತು. ಗಿಡ ಸೊಂಟದೆತ್ತರ ಬಂದಿತು, ಲೋಟ ನಿಂತಿತು. ಹಾಲಿನ ಡೈರಿಯಲ್ಲಿ ಸಿಕ್ಕಾಗ ಮಾತಾಡಿಸಿದೆ.

"ನಮ್ ಮಕ ಕಾಣ್ಬಾರ್ದು ಅಂತ ಗ್ವಾಡೆ ಬೆಳೆಸ್ತಿದ್ದೀಯಲ್ಲವ್ವ, ಇನ್ನೇನ್ ಮಾತು?"

"ಅಯ್ಯೋ, ಮುಚ್ತಿರೋದು ಬೇಲಿನ ಕಣಕ್ಕ, ನಿಮ್ಮನ್ನಲ್ಲ!" ಎಂದರೂ ತಿರುಗಿ ನೋಡಲಿಲ್ಲ. ಅಂದು ಅಂಗಡಿ ಮೊಸರಿನಲ್ಲಿ ಹೆಪ್ಪು ಹಾಕಿದೆ. ಮೊಸರು ಗಟ್ಟಿಯಾಯಿತು, ನನಗೆ ಊಟ ಸೇರಲಿಲ್ಲ.

ಗಿಡ ಆಳೆತ್ತರವಾಗಿ ಬೇಲಿಯೂ ಮುಚ್ಚಿತು. ಆದರೆ ಹೂವೇ ಇಲ್ಲ, ಬರೀ ಎಲೆ. ಗಂಗಕ್ಕನ ಮನಸ್ಸು ನೋಯಿಸಿದ್ದಕ್ಕೆ ದೇವರೇ ಹೂ ಬೇಡವೆಂದನೇನೋ ಎಂದು ಅಳುಕಿದೆ. ಒಂದು ಬೆಳಗ್ಗೆ ಗಂಗಕ್ಕನೇ ಬೀದಿ ಸುತ್ತಿಕೊಂಡು ಮುಂಬಾಗಿಲಿಗೆ ಬಂದರು. ಕೈಯಲ್ಲಿ ತಟ್ಟೆ ತುಂಬ ಕೆಂಪು ದಾಸವಾಳ.

"ತಗಳವ್ವ, ನಿನ್ ಗಿಡದ್ದೇಯ. ನಿಮ್ ಕಡೆ ತೆಂಗಿನ್ ನೆಳ್ಳು. ಬಿಸ್ಲು ಹುಡಿಕ್ಕಂಡು ಎಲ್ಲಾ ನಮ್ ಕಡೀಕೇ ಬಿರಿದವೆ. ದಿನಾ ನಮ್ ದೇವ್ರಿಗೆ ಇಕ್ತಿದ್ದೆ. ನೆಟ್ಟೋಳ್ ದೇವ್ರು ಬರಿತಲೇಲಿ ಕುಂತವ್ನಲ್ಲ ಅನ್ನುಸ್ತು."

ತೆಂಗಿನ ನೆರಳಲ್ಲೇ ಹುಟ್ಟಿ ಬೆಳೆದವಳಿಗೆ ನೆರಳೇ ಮರೆತುಹೋಗಿತ್ತು! ಅವರ ಹಿಂದೆಯೇ ಹೋಗಿ ಆಚೆಯಿಂದ ನೋಡಿದೆ. ಬೇಲಿಯುದ್ದಕ್ಕೂ ದೀಪ ಹಚ್ಚಿಟ್ಟ ಹಾಗಿತ್ತು. "ಮೊದ್ಲು ಎಷ್ಟು ಅಸಹ್ಯವಾಗಿತ್ತಲ್ವಾ ಅಕ್ಕ, ಈ ಬೇಲಿ?" ಎಂದೆ.

"ಬೇಲಿ ಯಾರ್ ನೋಡ್ತಿದ್ರು ಕಣೇ? ಅದ್ರಾಚೆ ನಿನ್ ಬಚ್ಚಲ ಹಿಂದ್ಲ ಕಾಯಿಮಟ್ಟೆ ಗುಡ್ಡೆ, ಒಣಾಕಿದ್ ಹರ್ಕಲು ಚಾಪೆ! ನಾನೂ ತುಳಸಿ ಸುತ್ತೋಳೇ. ಆ ಕಡೆ ಬಂದಾಗೆಲ್ಲ ಕಣ್ ಮುಚ್ಕಂತಿದ್ದೆ."

ಈಗ ಕೆಳಗಿನ ಎರಡು ಕೊಂಬೆ ಕಡಿದು ಲೋಟ, ತಟ್ಟೆ ಹೋಗುವಷ್ಟು ಸಂದು ಮಾಡಿದ್ದೇನೆ. ಮಂಚದ ಒಂದು ಕಾಲು ಮತ್ತೆ ಕಾಣುತ್ತದೆ, ಕಾಣಲಿ. ಮಟ್ಟೆ ಗುಡ್ಡೆಯನ್ನು ಮಾತ್ರ ಪಕ್ಕಕ್ಕೆ ಸರಿಸಿದೆ. ಕೃಪೆಗಳ ಎಣಿಕೆಗೂ ಒಂದು ಹೊಸದು ಸೇರಿದೆ. ಗಂಗಕ್ಕ ಇಪ್ಪತ್ತು ವರ್ಷ ಕಣ್ಣಿನ ಜೊತೆ ಬಾಯಿಯನ್ನೂ ಮುಚ್ಚಿಕೊಂಡಿದ್ದರಲ್ಲ, ಅದು.