ಬೆಳೆಯುವ ಕಾಲಿಗೊಂದು ಸ್ಕೇಟು

ನಮ್ಮ ಮನೆತನದಲ್ಲಿ ಇವತ್ತಿನ ಕಾಲಿಗೆ ಯಾರೂ ಬೂಟು ಕೊಂಡವರಲ್ಲ. ಕೊಳ್ಳುವುದೆಲ್ಲ ಮುಂದೆ ಬರಲಿರುವ ಕಾಲಿಗೆ. ನನ್ನ ಶಾಲೆಯ ಬೂಟು ಜೂನ್ ತಿಂಗಳಲ್ಲಿ ದೋಣಿಯಂತಿರುತ್ತಿತ್ತು. ಕಾಲಿಗೆ ಸರಿಹೊಂದುವ ಹೊತ್ತಿಗೆ ಅಟ್ಟೆ ಕಿತ್ತು ಬಾಯಿ ಬಿಟ್ಟಿರುತ್ತಿತ್ತು. ಅಂಗಿಯ ತೋಳು ಮಡಚಿ, ಚಡ್ಡಿಗೆ ಉಡದಾರ ಬಿಗಿದು, ಬಟ್ಟೆಯ ಅಳತೆಗೆ ಬೆಳೆಯುವುದೇ ನನ್ನ ಕರ್ತವ್ಯವೆಂದು ತಿಳಿದು ದೊಡ್ಡವನಾದೆ. ಈಗ ಅಫಜಲಪುರದ ಹೈಸ್ಕೂಲೊಂದರಲ್ಲಿ ಗಣಿತ ಮೇಷ್ಟ್ರು. ಅಳತೆಯ ಪಾಠವನ್ನು ಬಹಳ ಚೆನ್ನಾಗಿ ಮಾಡುತ್ತೇನೆಂಬ ಹೆಸರೂ ಇದೆ.

ಏಳನೆಯ ತರಗತಿಯ ನನ್ನ ಮಗಳು ಸ್ನೇಹಾ ಓದುವುದು ಬೇರೆ ಶಾಲೆಯಲ್ಲಿ. ಅಲ್ಲಿ ಸ್ಕೇಟಿಂಗಿನ ಹುಚ್ಚು ಹೊಸದಾಗಿ ಹತ್ತಿದೆ. ಗ್ಯಾದರಿಂಗ್, ಅಂದರೆ ವಾರ್ಷಿಕೋತ್ಸವದ ದಿನ ಮಕ್ಕಳ ಸಾಲು ಸ್ಕೇಟಿನ ಮೇಲೆ ಬರಬೇಕು, ಸಾಲಿನ ಮುಂದೆ ಸ್ನೇಹಾ ಇರಬೇಕು ಎಂದು ಅವರ ಆಟದ ಮೇಷ್ಟ್ರು ಗೊತ್ತುಮಾಡಿದ್ದರು. ಅಲ್ಲಿಯವರೆಗೆ ಶಾಲೆಯ ಸವೆದ ಸ್ಕೇಟಿನಲ್ಲೇ ಕಲಿತಿದ್ದ ಹುಡುಗಿಗೆ ಈಗ ಸ್ವಂತದ್ದು ಬೇಕು. ಅದೂ ರೆಟ್ರೊ ಬೇಕು: ಮುಂದೆರಡು ಹಿಂದೆರಡು ಗಾಲಿ, ಕಣಕಾಲಿನ ತನಕ ಲೇಸು ಕಟ್ಟುವ ಬಿಳಿ ಬೂಟು, ತುದಿಗೆ ಕೆಂಪು ರಬ್ಬರಿನ ಬ್ರೇಕು. ಹಳೇ ಮಾದರಿ ಎಂದ ಕೂಡಲೇ ನನಗೆ ಖುಷಿಯಾಯಿತು, ಹಳೆಯದೆಂದರೆ ಅಗ್ಗವೇ ಇರಬೇಕಲ್ಲ! ಹಳೆಯದರಂತೆ ಹೊಸದಾಗಿ ಮಾಡಿದ್ದು ಎಲ್ಲಕ್ಕಿಂತ ತುಟ್ಟಿ ಎಂಬ ಜ್ಞಾನ ಕಲಬುರಗಿಯ ಅಂಗಡಿಯಲ್ಲಿ ಆಯಿತು.

ಖರೀದಿ ಎಂದ ಮೇಲೆ ಕರಜಗಿಯಿಂದ ನಮ್ಮ ಅಕ್ಕ ಬರಲೇಬೇಕು. ಬಂದಿದ್ದಳು. ಅಂಗಡಿಯವನು ಸ್ನೇಹಾಳ ಕಾಲಿಗೆ ಒಂದು ಜೋಡಿ ಕಟ್ಟಿ, ಮೊಳಕಾಲು ಬಗ್ಗಿಸಿ ನಿಲ್ಲಿಸಿ, “ಹಿಮ್ಮಡಿ ಒಳಗ ಏಳಬಾರದ್ರಿ ಸರ್. ಬೆರಳು ತುದಿಗೆ ಹತ್ತೂಹತ್ತದಂಗ ಇರ್ಬೇಕು” ಎಂದ.

“ಅಪ್ಪಾ, ಇದೇ ಸರಿ ಅದ” ಎಂದಳು ಸ್ನೇಹಾ. ಮುಖ ಅರಳಿತ್ತು.

“ಈಗೇ ಸರಿ ಅದ ಅಂದ್ರ ಬರೋ ವರ್ಷ ಏನ್ ಮಾಡ್ತಿ ಬೇ?” ಅಕ್ಕ ಮುಂದೆ ಬಂದಳು. “ಎರಡು ನಂಬರ್ ದೊಡ್ಡದು ಕೊಡ್ರಿ. ನಮ್ಮ ಪೂಜಾ ಸೂಟಿಗಿ ಬಂದಾಗ ಆಕೀನೂ ಹಾಕ್ಕೋತಾಳ.” ಪೂಜಾ ಎಂದರೆ ಅಕ್ಕನ ಮಗಳು, ರಜೆಗೆ ನಮ್ಮಲ್ಲಿಗೇ ಬರುವವಳು.

“ಅಕ್ಕಾರ, ಇದು ಗಾಲಿ ಕಟ್ಕೊಂಡು ಓಡೂದ್ರಿ. ಸಡ್ಲಾದ್ರ ಹುಡುಗಿ ಬೀಳ್ತಾಳ” ಎಂದ ಅಂಗಡಿಯವನು.

“ಹುಡುಗಿ ಹೊಂದ್ಕೋತಾಳ ಬಿಡ್ರಿ” ಎಂದವನು ನಾನು. ಅದೇ ತಿಂಗಳು ನಮ್ಮ ಹೈಸ್ಕೂಲಿನಲ್ಲಿ, ಹೆಣ್ಣುಮಕ್ಕಳ ಮಾತಿಗೆ ಮನೆಯಲ್ಲಿ ಬೆಲೆ ಸಿಗಬೇಕೆಂದು ಭಾಷಣ ಮಾಡಿ ಚಪ್ಪಾಳೆ ಗಿಟ್ಟಿಸಿದ್ದೆ. ಆ ಭಾಷಣದಲ್ಲಿ ಕಾಲಿನ ಸಂಗತಿ ಬಂದಿರಲಿಲ್ಲ. ಹೆಂಡತಿ ಏನೋ ಹೇಳಹೊರಟಳು. ಅಕ್ಕ ಇದ್ದಾಗ ಅವಳು ಹೇಳಹೊರಡುವುದಷ್ಟೇ. ಎರಡು ನಂಬರ್ ದೊಡ್ಡದನ್ನು ತಂದೆವು. ಉಳಿದ ಜಾಗಕ್ಕೆ ಪರಂಪರಾಗತ ಉಪಾಯವಿದ್ದೇ ಇತ್ತು: ನನ್ನದೊಂದು ಹಳೇ ಬನಿಯನ್ ಹರಿದು ತುದಿಗೆ ತುರುಕಿದೆ.

ವಾರದೊಳಗೆ ಒಂದು ಸಂಜೆ ಸ್ನೇಹಾ ಮೊಳಕಾಲು ತರಚಿಕೊಂಡು ಬಂದು, ಉಣ್ಣದೆ ಗೋಡೆಗೆ ಮುಖ ಮಾಡಿ ಕೂತಳು. “ನನಗ ಹಿಂದ ನಿಲ್ಸ್ಯಾರ” ಎಂದಳು. ನನ್ನ ರಕ್ತ ಕುದಿಯಿತು. ಮರುದಿನವೇ ಅವಳ ಶಾಲೆಯ ಮೈದಾನಕ್ಕೆ ನುಗ್ಗಿ, ಬೇರೆ ಮಕ್ಕಳ ತಂದೆತಾಯಂದಿರ ಎದುರೇ, “ನಮ್ಮ ಹುಡುಗಿ ನಿಮಗೇನ್ ಮಾಡ್ಯಾಳ್ರಿ? ಯಾರ ವಶೀಲಿ ನಡದದ ಇಲ್ಲಿ?” ಎಂದು ಆಟದ ಮೇಷ್ಟ್ರ ಮೇಲೆ ಹಾರಾಡಿದೆ. ಅವರು ಸ್ನೇಹಾಳನ್ನು ಮೆಟ್ಟಿಲ ಮೇಲೆ ಕೂಡಿಸಿ, ಲೇಸು ಬಿಚ್ಚಿ, ಬೂಟಿನೊಳಗೆ ಕೈ ಹಾಕಿ ಎಳೆದರು. ಒಂದು ಚಿಂದಿ ಬಂತು. ಇನ್ನೊಂದು ಬಂತು. ಆಮೇಲೆ ಬಗಲಿನ ಭಾಗ, ತೂತು ಸಮೇತ, ಇಡಿಯಾಗಿ ಬಂತು.

“ಇದು ಯಾರ ಬನಿಯನ್ ಅದ?”

“ಅಪ್ಪಾಂದ್ರಿ ಸರ್” ಎಂದಳು ಸ್ನೇಹಾ, ನನ್ನ ಕಡೆ ನೋಡದೆ. “ಕಾಲು ತಿರಗ್ತದ, ಬೂಟು ತಿರಗಂಗಿಲ್ಲ. ನಾ ಅಂಗಡ್ಯಾಗೇ ಹೇಳಿದ್ನಿ. ಯಾರ್ ಕೇಳಿದ್ರು?”

ನಿಂತ ಜನವೆಲ್ಲ ನನ್ನನ್ನೇ ನೋಡಿದರು. ನನಗೆ ನಿಜಕ್ಕೂ ನಾಚಿಕೆಯಾಯಿತು. ಮಗಳ ಮೊಳಕಾಲಿಗಿಂತ ಬನಿಯನ್ನಿನ ತೂತಿಗೇ ಹೆಚ್ಚು ನಾಚಿಕೊಂಡೆ, ಅದನ್ನೂ ಹೇಳಿಬಿಡುತ್ತೇನೆ.

ಮೇಷ್ಟ್ರು ಶಾಲೆಯ ಆ ಸವೆದ ಸ್ಕೇಟನ್ನೇ ಅವಳಿಗೆ ವಾಪಸು ಕಟ್ಟಿಸಿದರು, ಸಾಲಿನ ಮುಂದಿನ ಜಾಗವನ್ನೂ ವಾಪಸು ಕೊಟ್ಟರು. ಗ್ಯಾದರಿಂಗ್ ದಿನ ಸ್ನೇಹಾ ಎರಡೂ ಕೈ ಚಾಚಿ ಎಂಥ ಚೆಂದ ತಿರುಗಿದಳೆಂದರೆ ನನ್ನ ಕಣ್ಣು ತುಂಬಿತು. ಪಕ್ಕದ ಕುರ್ಚಿಯ ಯಜಮಾನರಿಗೆ, “ನಮ್ಮ ಮಗಳ್ರಿ” ಎಂದೆ.

“ಭಾಳ ಚಲೋ ಮಾಡಾಕತ್ತಾಳ್ರಿ. ನನ್ನ ಮಗನೂ ಸ್ಕೇಟ್ ಬೇಕಂತ ಗಂಟು ಬಿದ್ದಾನ. ಹೆಂಗ ನೋಡಿ ತಗೋಬೇಕ್ರಿ ಸರ್?”

ನಾನು ಎದೆ ಮುಂದೆ ಮಾಡಿದೆ. “ಕಾಲು ಯಾರದೋ ಅವರ ಮಾತು ಕೇಳ್ಬೇಕ್ರಿ. ಹಿಮ್ಮಡಿ ಏಳಬಾರದು, ಬೆರಳು ಹತ್ತೂಹತ್ತದಂಗ ಇರ್ಬೇಕು. ನಮ್ಮ ಮಂದಿಗಿ ಇಷ್ಟೂ ತಿಳಿಯಂಗಿಲ್ಲ ನೋಡ್ರಿ.”

ಅವರು ನನ್ನನ್ನು ಬಹಳ ಗೌರವದಿಂದ ನೋಡಿ, ಅಂಗಡಿಗೆ ತಾವೂ ಬರಬೇಕೆಂದು ಕೈ ಮುಗಿದರು. ಬರುವ ಭಾನುವಾರ ಹೋಗುವುದೆಂದು ಮಾತಾಗಿದೆ. ಅಕ್ಕನಿಗೂ ಹೇಳಿ ಕಳಿಸಿದ್ದೇನೆ.