ನಿಮಿಷಕ್ಕೆ ನೂರಾ ನಾಲ್ಕು

ಟಪ್... ಟಪ್... ನಡುರಾತ್ರಿ ಆ ಸಣ್ಣ ಸದ್ದಿಗೆ ಟೈಪಿಸ್ಟಮ್ಮನಿಗೆ ಎಚ್ಚರವಾಯಿತು. ಹೊರಳಿದರೂ ಟಪ್, ದಿಂಬಿನಡಿ ತಲೆ ತೂರಿಸಿದರೂ ಟಪ್.

"ರೀ, ನನ್ನ ಹೃದಯ ಬಡ್ಕೊಳ್ಳೋದು ನನಗೇ ಕೇಳಿಸ್ತಿದೆ!"

"ಬಡ್ಕೊಳ್ಳೋದು ನಿಂತ್ರೆ ಎಬ್ಸು," ಎಂದು ಗಂಡ ಮಗ್ಗುಲು ಬದಲಿಸಿದ.

ಆಕೆಗೆ ಭಯಕ್ಕಿಂತ ಸಂತೋಷವೇ ಹೆಚ್ಚಾಯಿತು. ಮೆದುಳು ಸಂಶೋಧನಾ ವಿಭಾಗದಲ್ಲಿ ಆಕೆಯದು ತಾತ್ಕಾಲಿಕ ಕೆಲಸ, ತಿಂಗಳ ಕೊನೆಗೆ ಮುಗಿಯುವಂಥದ್ದು. ಪ್ರೊಫೆಸರರ ಎಂಬತ್ತು ಪುಟಗಳ ವರದಿಯನ್ನು ಟೈಪು ಮಾಡಿದವಳು ಆಕೆಯೇ. ಮೆದುಳಿನ ಮಡಿಕೆಗಳೊಳಗೆ ಇನ್ಸುಲಾ ಎಂಬ ಭಾಗ ಅಡಗಿ ಕುಳಿತಿದೆ. ನಾಲಿಗೆಯ ರುಚಿ, ಹೊಟ್ಟೆಯ ತಳಮಳ, ಎದೆಯ ಬಡಿತ, ಎಲ್ಲದರ ಸುದ್ದಿಯೂ ನರಗಳ ಮೂಲಕ ಅಲ್ಲಿಗೆ ಮುಟ್ಟುತ್ತದೆ. ಅದು ಚುರುಕಾಗಿರುವವರು ನಾಡಿ ಹಿಡಿಯದೆಯೇ ತಮ್ಮ ಎದೆಬಡಿತ ಎಣಿಸಬಲ್ಲರು. ಅಂಥವರೊಬ್ಬರು ಸಿಕ್ಕರೆ ಅಧ್ಯಯನಕ್ಕೆ ಮಂಜೂರಾತಿ, ಸಿಕ್ಕವರಿಗೆ ಮೂರು ವರ್ಷ ಕೆಲಸ ಎಂದು ಪ್ರೊಫೆಸರರು ಮಾತು ಕೊಟ್ಟಿದ್ದರು. ಮಂಜೂರಾತಿ ಸಮಿತಿಯ ಡಾಕ್ಟರು ಬರುವುದು ಬೆಳಗಾದರೆ!

ಆಫೀಸಿಗೆ ಕಾಲಿಟ್ಟವಳೇ, "ಸರ್, ನಾನು ಎಣಿಸ್ತೀನಿ," ಎಂದಳು.

ಸುದ್ದಿ ಕಟ್ಟಡವನ್ನೆಲ್ಲ ಸುತ್ತಿತು. "ಖಾಲಿ ಹೊಟ್ಟೇಲಿದ್ರೆ ಚೆನ್ನಾಗಿ ಕೇಳ್ಸುತ್ತೆ ಮೇಡಂ," ಎಂದು ಅಟೆಂಡರು ಆಕೆಯ ಊಟದ ಡಬ್ಬಿ ಎತ್ತಿಟ್ಟ. ಎತ್ತಿಟ್ಟದ್ದು ತನ್ನ ಹೊಟ್ಟೆಯಲ್ಲಿ ಎಂಬುದು ಆಮೇಲೆ ತಿಳಿಯಿತು. "ಕಾಫಿ ಕುಡೀರಿ, ಬಡಿತ ಜೋರಾಗುತ್ತೆ," ಎಂದು ಲೈಬ್ರರಿಯಾಕೆ ಮೂರು ಲೋಟ ಕುಡಿಸಿದಳು.

ಅಷ್ಟರಲ್ಲಿ ಗಂಡನ ಫೋನು. "ಪ್ಲಂಬರ್ ಬಂದು, ರಾತ್ರಿಯೆಲ್ಲ ತೊಟ್ಟಿಕ್ತಿದ್ದ ಬಚ್ಚಲ ನಲ್ಲಿಗೆ ಹೊಸ ವಾಷರ್ ಹಾಕ್ದ. ನಿನ್ನ ಹೃದಯ ನಿಂತ್ಹೋಯ್ತು ಕಣೇ!"

ಆಕೆ ಉಸಿರು ಬಿಗಿಹಿಡಿದು ಕೇಳಿಸಿಕೊಂಡಳು. ಎದೆ ರಜಾದಿನದ ಕಚೇರಿಯಂತೆ ಮೌನವಾಗಿತ್ತು. ಡಬ್ಬಿಗಾಗಿ ಹೊಟ್ಟೆ ಮಾತ್ರ ಗುರುಗುಟ್ಟುತ್ತಿತ್ತು.

"ಸರ್, ಒಂದ್ ನಿಮಿಷ..." ಎನ್ನುವಷ್ಟರಲ್ಲಿ ಪ್ರೊಫೆಸರರು ಡಾಕ್ಟರನ್ನು ಕರೆತಂದೇಬಿಟ್ಟರು. "ಇವರ ಇನ್ಸುಲಾ ಅಪ್ಪಟ ಚಿನ್ನ, ಡಾಕ್ಟ್ರೇ! ನೋಡಿ, ಈ ಕ್ಲಿಪ್ಪನ್ನ ಹೀಗೆ ಬೆರಳಿಗೆ ಸಿಕ್ಕಿಸೋದು. ಒಂದೊಂದು ಬಡಿತಕ್ಕೂ ಆ ಯಂತ್ರದ ಕೆಂಪು ದೀಪ ಮಿನುಗುತ್ತೆ. ಅಮ್ಮಾ, ಕಣ್ಣು ಮುಚ್ಚಿ. ಶುರು!"

ಯಂತ್ರ ಆಕೆಯ ಬೆನ್ನ ಹಿಂದೆ, ಪ್ರೊಫೆಸರರು ಎದುರಿನ ಕುರ್ಚಿಯಲ್ಲಿ. ಮೂರು ವರ್ಷದ ಸಂಬಳ ಕಣ್ಣೆದುರೇ ಕರಗುವಾಗ ಕಣ್ಣು ಪೂರ್ತಿ ಮುಚ್ಚುವುದು ಹೇಗೆ? ಒಂದೆಳೆ ತೆರೆದೇ ಇತ್ತು. ಆ ಎಳೆಯಲ್ಲಿ ಪ್ರೊಫೆಸರರ ದಪ್ಪ ಕನ್ನಡಕ ಕಂಡಿತು. ಕನ್ನಡಕದ ಗಾಜಿನಲ್ಲಿ ಪುಟ್ಟ ಕೆಂಪು ಚುಕ್ಕಿ, ಮಿನುಕ್, ಮಿನುಕ್. ಆಕೆ ಎಣಿಸತೊಡಗಿದಳು.

"ನೂರಾ ನಾಲ್ಕು," ಎಂದಳು ನಿಮಿಷ ಮುಗಿದಾಗ.

ಯಂತ್ರವೂ ನೂರಾ ನಾಲ್ಕು ಎಂದಿತು. ಬಾಗಿಲಲ್ಲಿ ಕಿಕ್ಕಿರಿದಿದ್ದವರೆಲ್ಲ ಚಪ್ಪಾಳೆ ತಟ್ಟಿದರು.

"ಕ್ಲಿಪ್ ತೆಗೀಲಾ ಸರ್?" ಎಂದು ಆಕೆ ಕೈ ನೋಡಿಕೊಂಡಳು. ಹತ್ತು ಬೆರಳೂ ಬೋಳು. ತೋರಿಸುವ ಉತ್ಸಾಹದಲ್ಲಿ ಪ್ರೊಫೆಸರರು ತಮ್ಮ ಬೆರಳಿಗೆ ಸಿಕ್ಕಿಸಿದ್ದ ಕ್ಲಿಪ್ಪು ಇನ್ನೂ ಅಲ್ಲೇ ಇತ್ತು! ಬೆರಳಿಗೆ ಕ್ಲಿಪ್ಪು ಬಂದಿಲ್ಲ ಎಂಬಷ್ಟು ಸುದ್ದಿಯೂ ಆಕೆಯ ಚಿನ್ನದಂಥ ಇನ್ಸುಲಾಕ್ಕೆ ಮುಟ್ಟಿರಲಿಲ್ಲ.

"ಅಂದ್ರೆ ಇವರು ಎಣಿಸಿದ್ದು ನಿಮ್ಮ ಎದೆಬಡಿತಾನಾ?" ಡಾಕ್ಟರು ಬೆರಗಾಗಿ ಪ್ರೊಫೆಸರರ ಮಣಿಕಟ್ಟು ಹಿಡಿದರು. ಬೆರಗು ಹೋಗಿ ಹುಬ್ಬು ಗಂಟಿಕ್ಕಿತು. "ಕೂತಲ್ಲೇ ನೂರಾ ನಾಲ್ಕು, ಅದೂ ಹೀಗೆ ಏರುಪೇರು! ಅಧ್ಯಯನ ಆಮೇಲೆ. ಮೊದ್ಲು ಆಸ್ಪತ್ರೆಗೆ ನಡೀರಿ."

ಸಂಜೆಯ ಹೊತ್ತಿಗೆ ಆದೇಶ ಬಂತು. ಪ್ರೊಫೆಸರರಿಗೆ ಆರು ತಿಂಗಳು ವಿಶ್ರಾಂತಿ, ಅಧ್ಯಯನಕ್ಕೆ ಅಲ್ಲಿಯವರೆಗೆ ಬೀಗ. ಟೈಪಿಸ್ಟಮ್ಮನ ಕೆಲಸ ತಿಂಗಳ ಕೊನೆಗೇ ಮುಕ್ತಾಯ. ಕಾರಿಡಾರಿನಲ್ಲಿ ಅಟೆಂಡರು ಅಂಗಿಯ ಗುಂಡಿ ಬಿಚ್ಚಿ ನಿಂತಿದ್ದ. "ಮೇಡಂ, ನಂದೆಷ್ಟು, ಸ್ವಲ್ಪ ನೋಡಿ." ಅವನ ಹಿಂದೆ ಹನ್ನೊಂದು ಜನರ ಸಾಲು. ಆಕೆ ಹಿಂಬಾಗಿಲಿನಿಂದ ಮನೆಗೆ ಓಡಿದಳು.

ಆ ರಾತ್ರಿ ನಲ್ಲಿ ಸುಮ್ಮನಿತ್ತು. ಆದರೂ ಟಪ್... ಟಪ್... ಟಪ್... ಈ ಸಲ ಅನುಮಾನವೇ ಇರಲಿಲ್ಲ, ಎಡಗಡೆ, ಎದೆಯೊಳಗೆ.

"ಏನೇ, ಇನ್ನೂ ನಿದ್ದೆ ಬಂದಿಲ್ವಾ?"

"ಏನಿಲ್ಲ, ಮಲ್ಕೊಳ್ಳಿ," ಎಂದಳು. ಕನ್ನಡಕದ ಸಂಗತಿಯನ್ನಾಗಲಿ, ಈ ಸದ್ದನ್ನಾಗಲಿ, ಜೀವ ಇರುವವರೆಗೆ ಯಾರಿಗೂ ಹೇಳುವುದಿಲ್ಲವೆಂದು ತೀರ್ಮಾನಿಸಿ, ಬಾಯಿ ಮುಚ್ಚಿಕೊಂಡು ಎಣಿಸುತ್ತ ಮಲಗಿದಳು.