ಮುಂದಿನ ಬ್ರೇಕು ಯಾವ ಕೈಯಲ್ಲಿ

ಸ್ಕಾಟ್ಲೆಂಡಿನಲ್ಲಿ ಸೈಕಲ್ಲಿನ ಮುಂದಿನ ಬ್ರೇಕು ಬಲಗೈಯಲ್ಲಿರುತ್ತದೆ ಎಂಬ ಸಂಗತಿ ಬ್ರಿಟಾಳ ಕಿವಿಗೆ ಬಿದ್ದದ್ದು ಅಲ್ಲೇ ನಡೆದ ಸೋದರತ್ತೆಯ ಮಗಳ ಮದುವೆಯ ಊಟದ ಮೇಜಿನಲ್ಲಿ. ಪಕ್ಕದಲ್ಲಿ ಕೂತಿದ್ದ ಯಾರೋ ಪುಣ್ಯಾತ್ಮ ಮಾತಿಗೆ ಮಾತು ಬಂದು ಹೇಳಿದ, ಹೇಳಿ ಮರೆತ. ಅವಳಿಗೆ ಮಾತ್ರ ಅದು ಹಲ್ಲಿನ ಸಂದಿಗೆ ಸಿಕ್ಕಿಕೊಂಡ ನಾರಿನ ಹಾಗೆ ಕೂತುಬಿಟ್ಟಿತು. ಬೇಡವೆಂದರೂ ನಾಲಿಗೆ ಹೋಗಿ ಹೋಗಿ ಅಲ್ಲಿಗೇ ತಾಗುತ್ತಿತ್ತು.

ಅವಳೂ ಗಂಡನೂ ಇರುವ ಊರಾದ ಡುಲೂತ್‌ನಲ್ಲಿ ಮುಂದಿನ ಬ್ರೇಕು ಎಡಗೈಯಲ್ಲಿ. ಅಮೆರಿಕದ ತುಂಬ ಹಾಗೆಯೇ. ಬೆಟ್ಟದ ಇಳಿಜಾರಿನಲ್ಲಿ ಸೈಕಲ್ ಬಿಡುವವನು ವೇಗ ತಡೆಯಬೇಕಾದಾಗ ಬಲಗೈ ಬೆರಳಿನಿಂದ ಹಿಂದಿನ ಗಾಲಿಯನ್ನು ಹಿಡಿಯುತ್ತಾನೆ. ಅದೇ ಬೆರಳು ಅದೇ ಅಭ್ಯಾಸಬಲದಿಂದ ಇಲ್ಲಿನ ಸೈಕಲ್ಲಿನಲ್ಲಿ ಒತ್ತಿತೆನ್ನಿ, ಮುಂದಿನ ಗಾಲಿ ಗಕ್ಕನೆ ನಿಲ್ಲುತ್ತದೆ. ಗಾಲಿ ನಿಂತರೂ ಗಂಡ ನಿಲ್ಲುವುದಿಲ್ಲ. ಅವನು ಹ್ಯಾಂಡಲ್ಲನ್ನು ದಾಟಿ ತನ್ನ ಪ್ರಯಾಣವನ್ನು ಒಬ್ಬನೇ ಮುಂದುವರಿಸುತ್ತಾನೆ.

(ಮಗು ಹುಟ್ಟುವ ತನಕ ಬ್ರಿಟಾ ವಿಮಾ ಕಂಪನಿಯೊಂದರಲ್ಲಿ ಅಪಘಾತದ ಅರ್ಜಿಗಳನ್ನು ಓದುವ ಕೆಲಸದಲ್ಲಿದ್ದಳು. ಮನುಷ್ಯನ ಮೈಯಲ್ಲಿ ಎಷ್ಟು ಮೂಳೆಗಳಿವೆ ಎಂಬುದನ್ನು ವೈದ್ಯರು ಬಲ್ಲರು. ಅವು ಏನೇನು ನೆವದಿಂದ ಮುರಿಯುತ್ತವೆ ಎಂಬುದನ್ನು ಅವಳು ಬಲ್ಲಳು.)

ಮದುವೆ ಮುಗಿದ ಮೇಲೆ ಒಂದು ವಾರ ಹಳ್ಳಿಯೊಂದರಲ್ಲಿ ಬಾಡಿಗೆ ಮನೆ ಹಿಡಿದು, ಕುರಿಗಳನ್ನು ನೋಡುತ್ತ, ಹತ್ತು ತಿಂಗಳ ಜೂನಿಯನ್ನು ಹುಲ್ಲಿನ ಮೇಲೆ ಆಡಿಸುತ್ತ ಸುಮ್ಮನಿರುವುದೆಂದು ಮಾತಾಗಿತ್ತು. ಆದರೆ ಅವಳ ಗಂಡ ಕೋಲ್ಬಿಗೆ ಕುರಿಗಳ ಹಿಂದೆ ಬೆಟ್ಟ ಕಂಡಿತು. ಬೆಟ್ಟದ ಮೈಮೇಲೆ ಸೈಕಲ್ ದಾರಿಗಳು ಕಂಡವು. "ಇಷ್ಟು ದೂರ ಬಂದು ಇದನ್ನ ಇಳೀದೆ ಹೋದ್ರೆ ಊರಲ್ಲಿ ಹುಡುಗರಿಗೆ ಮುಖ ಹೇಗೆ ತೋರಿಸ್ಲಿ?" ಎಂದು ಅವನು ಅಡುಗೆಮನೆಯ ಮೇಜಿನ ಮೇಲೆ ನಕ್ಷೆ ಹರಡಿದ. ಅದರ ಒಂದು ಮೂಲೆಗೆ ಜಾಮಿನ ಶೀಷೆ, ಇನ್ನೊಂದಕ್ಕೆ ಬೆಣ್ಣೆಯ ಬಟ್ಟಲು, ಮೂರನೆಯದಕ್ಕೆ ಅವನ ಮೊಣಕೈ, ನಾಲ್ಕನೆಯದಕ್ಕೆ ಜೂನಿಯ ಓಟ್ಸ್ ಗಂಜಿ. ರಾಜ್ಯಗಳ ಗಡಿ ಗುರುತಿಸುವವರ ಗಾಂಭೀರ್ಯದಿಂದ ಅವನು ನೀಲಿ, ಕೆಂಪು, ಕಪ್ಪು ಗೆರೆಗಳ ಮೇಲೆ ಬೆರಳಾಡಿಸಿದ. ನೀಲಿ ಸುಲಭ, ಕೆಂಪು ಕಷ್ಟ, ಕಪ್ಪಿನ ಬಗ್ಗೆ ಹೆಂಡತಿಯ ಮುಂದೆ ಮಾತಾಡಬಾರದು. ಜೂನಿ ಒಂದು ಚಮಚ ಗಂಜಿಯನ್ನು ಸರಿಯಾಗಿ ಕಪ್ಪು ಗೆರೆಯ ಮೇಲೆ ಸುರಿದಳು. ಆ ಇಡೀ ಸಮಾಲೋಚನೆಯಲ್ಲಿ ವಿವೇಕದ ಮಾತೆಂದರೆ ಅದೊಂದೇ ಎಂದು ತಾಯಿಗೆ ಅನ್ನಿಸಿತು.

"ಬ್ರೇಕಿನ ವಿಷಯ ಸೈಕಲ್ ಅಂಗಡಿಯವರ ಹತ್ರ ಮಾತಾಡಿದ್ಯಾ?" ಎಂದಳು.

"ಏನಂತ ಮಾತಾಡೋದು?"

"ನಮ್ಮ ಕಡೆ ಇರೋ ಹಾಗೆ ಅದಲು ಬದಲು ಮಾಡಿಕೊಡಿ ಅಂತ. ನಾಲ್ಕು ಸ್ಕ್ರೂ ತಿರುಗಿಸೋ ಕೆಲಸವಂತೆ."

"ಬಾಡಿಗೆ ಸೈಕಲ್ ತಗೊಳ್ಳೋನು ಬ್ರೇಕು ಬದಲಾಯಿಸಿ ಅನ್ನೋದು, ಹೋಟೆಲಿಗೆ ಹೋಗಿ ಮಾಂಸ ಕತ್ತರಿಸಿ ಬಾಯಿಗಿಡಿ ಅಂದ ಹಾಗೆ ಕಣೇ."

"ಕತ್ತರಿಸಿಕೊಂಡು ತಿಂದೋರು ಯಾರೂ ಸತ್ತಿಲ್ಲ."

"ಮನುಷ್ಯ ಹೊಂದಿಕೊಳ್ತಾನೆ, ಬ್ರಿಟಾ."

"ಪಾತ್ರೆ ತೊಳೆಯೋ ಮಷೀನಲ್ಲಿ ತಟ್ಟೆ ಯಾವ ಕಡೆ ಮುಖ ಮಾಡಬೇಕು ಅನ್ನೋದಕ್ಕೆ ಮದುವೆಯಾದಾಗಿಂದ ಹೊಂದಿಕೊಂಡಿಲ್ಲ ನೀನು."

ಕೋಲ್ಬಿ ನಕ್ಷೆಯ ಮೇಲಿನ ಗಂಜಿಯನ್ನು ಒರೆಸಿ, ಕಪ್ಪನ್ನು ಬಿಟ್ಟು ಕೆಂಪಿಗೆ ಒಪ್ಪಿಕೊಂಡ. ದಾಂಪತ್ಯದಲ್ಲಿ ಇದಕ್ಕೆ ಸಂಧಾನವೆಂದು ಹೆಸರು.

ಹೊಂದಿಕೊಳ್ಳುವ ವಿಷಯದಲ್ಲಿ ಅವಳಿಗೂ ತನ್ನದೇ ಆದ ಅನುಭವವಿತ್ತು. ಬಾಡಿಗೆ ಕಾರನ್ನು ಕೋಲ್ಬಿಯೇ ಓಡಿಸುತ್ತಿದ್ದ, ರಸ್ತೆಯ ಎಡಗಡೆ. ಅವಳು ಕೂರುತ್ತಿದ್ದದ್ದು ಊರಲ್ಲಾದರೆ ಚಾಲಕರು ಕೂರುವ ಜಾಗದಲ್ಲಿ. ಎದುರಿಗೆ ಸ್ಟೀರಿಂಗ್ ಮಾತ್ರ ಇಲ್ಲ. ಕಲ್ಲಿನ ಗೋಡೆಗಳ ನಡುವಿನ ಕಿರುದಾರಿಯಲ್ಲಿ ಟ್ರ್ಯಾಕ್ಟರ್ ಎದುರಾದಾಗಲೆಲ್ಲ ಅವಳ ಬಲಗಾಲು ಇಲ್ಲದ ಬ್ರೇಕನ್ನು ಬಲವಾಗಿ ಒತ್ತುತ್ತಿತ್ತು. ಆ ಕಡೆಯ ಚಾಪೆ ಒಂದೇ ವಾರಕ್ಕೆ ಸವೆದಿತ್ತು. ಕಾರಿಗೆ ಇಬ್ಬರ ಹೆಸರಲ್ಲೂ ವಿಮೆ ಮಾಡಿಸಿದ್ದಳು, ನಿಜ (ವಿಮೆ ಎಂದಮೇಲೆ ಬಿಡುವವಳಲ್ಲ). ಆದರೆ ವಿಮಾನ ನಿಲ್ದಾಣದಲ್ಲೇ ಪ್ರತಿಜ್ಞೆಯನ್ನೂ ಮಾಡಿದ್ದಳು: ಈ ದೇಶದಲ್ಲಿ ಇರುವಷ್ಟು ದಿನ ತಾನು ಸ್ಟೀರಿಂಗ್ ಮುಟ್ಟುವುದಿಲ್ಲ.

ಆ ವಾರ ಕೋಲ್ಬಿಯಲ್ಲಿ ಒಂದು ಬದಲಾವಣೆ ಕಂಡಿತು. ಊರಲ್ಲಿ ಎಬ್ಬಿಸಿದರೂ ಏಳದವನು ಇಲ್ಲಿ ಬೆಳಕು ಹರಿಯುವ ಮೊದಲೇ ಎದ್ದು "ಮಗೂಗೆ ಹಾಲು ತರ್ತೀನಿ" ಎಂದು ಹೊರಟುಬಿಡುತ್ತಿದ್ದ. ಫ್ರಿಜ್ಜಿನಲ್ಲಿ ಬೆಣ್ಣೆಗೂ ಜಾಗವಿಲ್ಲದಷ್ಟು ಹಾಲು ಸೇರಿತು. ಊಟಕ್ಕೆ ಕೂತಾಗ ಅವನ ಎರಡು ಕೈಗಳು ಮೇಜಿನ ಅಂಚನ್ನು ಹಿಡಿದು ಒಂದೊಂದೇ ಬೆರಳನ್ನು ಮಡಿಸುವುದೂ ಬಿಚ್ಚುವುದೂ ಮಾಡುತ್ತಿದ್ದವು. ತಂದೆಯಾದ ಜವಾಬ್ದಾರಿ ಗಂಡಸನ್ನು ಹೀಗೂ ಮೆತ್ತಗೆ ಮಾಡುತ್ತದಲ್ಲ ಎಂದು ಬ್ರಿಟಾಳ ಕಣ್ಣು ತುಂಬಿ ಬಂತು. ಇಂಥವನನ್ನು ಉಳಿಸಿಕೊಳ್ಳಲೇಬೇಕು.

ಬೆಟ್ಟಕ್ಕೆ ಹೊರಡುವ ಹಿಂದಿನ ದಿನ ಮಧ್ಯಾಹ್ನ, ಮಗುವನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಅವಳು ಸೈಕಲ್ ಅಂಗಡಿಗೆ ಹೋದಳು. ಅಂಗಡಿಯ ಗ್ರೆಗರ್ ಮಿತಭಾಷಿ.

"ನಾಳೆ ನಮ್ಮವರಿಗೆ ಕೊಡೋ ಸೈಕಲ್ಲಿನ ಬ್ರೇಕು ಅದಲು ಬದಲು ಮಾಡಿಕೊಡ್ತೀರಾ? ಮುಂದಿನದು ಎಡಗೈಗೆ ಬರಬೇಕು."

"ಅಮೆರಿಕದವರೋ."

"ಹೌದು. ಆಮೇಲೆ ನೋಡಿ, ಇದು ಅವರಿಗೆ ಗೊತ್ತಾಗಬಾರದು."

ಗ್ರೆಗರ್ ಅವಳನ್ನೂ ಮಗುವನ್ನೂ ನೋಡಿದ. "ಮಾಡೋಣ ಬಿಡಮ್ಮ," ಎಂದು ಒಳಗೆ ಹೋದ.

ಮನೆಗೆ ಮರಳುವಾಗ ಅವಳ ನಡಿಗೆಯೇ ಬೇರೆಯಾಗಿತ್ತು. ಗಂಡನಿಗೆ ತಿಳಿಯದಂತೆ ಗಂಡನ ಕುತ್ತಿಗೆ ಉಳಿಸಿದ ಹೆಂಡತಿಯ ಸಮಾಧಾನಕ್ಕೆ ಸಮನಾದದ್ದು ಈ ಲೋಕದಲ್ಲಿ ಇಲ್ಲ. ಹಾಡು ಬಾರದವಳು ಹಾಡನ್ನೂ ಗುನುಗಿದಳು. ಜೂನಿ ಗಾಬರಿಯಾಗಿ ಅತ್ತಳು.

ಬೆಳಿಗ್ಗೆ ಕೋಲ್ಬಿ ಹೆಲ್ಮೆಟ್ಟು, ಮೊಣಕಾಲಿನ ಕವಚ ಎಲ್ಲ ತೊಟ್ಟು ಯುದ್ಧಕ್ಕೆ ಹೊರಟವನಂತೆ ಬಾಗಿಲಲ್ಲಿ ನಿಂತ. ಅಂಗಡಿಯಿಂದ ಗ್ರೆಗರ್‌ನ ವ್ಯಾನು ಸೈಕಲ್ಲುಗಳನ್ನೂ ಸವಾರರನ್ನೂ ಹೇರಿಕೊಂಡು ಬೆಟ್ಟದ ತುದಿಗೆ ಬಿಟ್ಟುಬರುತ್ತದೆ. ಕೆಳಗೆ ಬರುವುದು ಅವರವರ ಪಾಡು.

"ಏನೇ, ಹುಷಾರು ಅಂತ ಒಂದ್ಸಲಾನೂ ಹೇಳ್ಲಿಲ್ಲ?" ಎಂದು ಅವನಿಗೇ ಅನುಮಾನ ಬಂತು.

"ಹೇಳೋದೇನಿದೆ. ಮನುಷ್ಯ ಹೊಂದಿಕೊಳ್ತಾನೆ," ಎಂದಳು ಬ್ರಿಟಾ.

ಅವನು ಹೋದ ಸ್ವಲ್ಪ ಹೊತ್ತಿಗೆ ಮನೆಯ ಮಾಲೀಕರಾದ ಎಲ್ಸ್‌ಪೆತ್ ಅಜ್ಜಿ, ಆಗತಾನೆ ಸುಟ್ಟ ಸ್ಕೋನು ಎಂಬ ಪುಟ್ಟ ಬನ್ನುಗಳನ್ನು ಬಟ್ಟೆಯಲ್ಲಿ ಮುಚ್ಚಿಕೊಂಡು ಪಕ್ಕದ ಮನೆಯಿಂದ ಬಂದರು.

"ನಿನ್ನ ಗಂಡನಿಗೆ ಕೊಡಮ್ಮ ಇದನ್ನ. ನನ್ನ ಹಳೇ ಸೈಕಲ್ಲಿಗೆ ಎಣ್ಣೆ ಬಿಟ್ಟು, ತೊಳೆದು ನಿಲ್ಲಿಸಿದಾನೆ. ಪಾಪ, ಚಿನ್ನದಂಥ ಹುಡುಗ."

"ನಿಮ್ಮ ಸೈಕಲ್ಲಾ? ಅದ್ಯಾಕೆ ಅವನ ಹತ್ರ ಇತ್ತು?"

"ದಿನಾ ಬೆಳಿಗ್ಗೆ ಚರ್ಚಿನ ಸುತ್ತ ಹೊಡೀತಿದ್ನಲ್ಲ. ಇಳಿಜಾರಲ್ಲಿ ಬಿಡೋದು, ಹಿಡಿಯೋದು, ಮತ್ತೆ ಹತ್ತೋದು. ಬಾಯಲ್ಲಿ 'ಬಲಗೈ ಮುಂದೆ, ಎಡಗೈ ಹಿಂದೆ' ಅಂತ ಮಂತ್ರ ಬೇರೆ. ಮೊದಲನೇ ದಿನ ಪಾದ್ರಿಗಳ ಗುಲಾಬಿ ಗಿಡದೊಳಗೆ ಬಿದ್ದ. ಈಗ ನೋಡು, ಇಲ್ಲೇ ಹುಟ್ಟಿದೋನ ಹಾಗೆ ಹಿಡೀತಾನೆ ಬ್ರೇಕು. ತನ್ನೂರಿನ ಅಭ್ಯಾಸ ಪೂರ್ತಿ ಮರೆತೇ ಹೋಯ್ತಂತೆ."

ಬ್ರಿಟಾ ಫ್ರಿಜ್ಜಿನತ್ತ ನೋಡಿದಳು. "ಹಾಲು..." ಎಂದಳು.

"ಹಾಲು ಆಮೇಲೆ ತರ್ತಿದ್ದ. ನಿಂಗೆ ಹೇಳಬೇಡಿ ಅಂದಿದ್ದ. ಅವನಿಗೆ ಭಯ ಇದೆ ಅಂತ ಗೊತ್ತಾದ್ರೆ ನಿಂಗೆ ಭಯ ಆಗತ್ತಂತೆ."

ಅಮೆರಿಕದ ಗಂಡ ತನ್ನನ್ನು ತಾನೇ ಕಷ್ಟಪಟ್ಟು ಸ್ಕಾಟ್ಲೆಂಡಿಗೆ ಹೊಂದಿಸಿಕೊಂಡಿದ್ದ. ಸ್ಕಾಟ್ಲೆಂಡಿನ ಸೈಕಲ್ಲನ್ನು ಅವಳು ಗುಟ್ಟಾಗಿ ಅಮೆರಿಕಕ್ಕೆ ಹೊಂದಿಸಿದ್ದಳು. ಈಗ ಗಂಡನೂ ಸೈಕಲ್ಲೂ ಒಬ್ಬರನ್ನೊಬ್ಬರು ದಾಟಿ ಹೋಗಿ, ಬೆಟ್ಟದ ತುದಿಯಲ್ಲಿ ಮತ್ತೆ ಬೆನ್ನಿಗೆ ಬೆನ್ನು ಹಾಕಿ ನಿಂತಿದ್ದರು. ಅವನು ಹಿಂದಿನದೆಂದು ಎಡಗೈ ಒತ್ತುತ್ತಾನೆ, ಮುಂದಿನದು ನಿಲ್ಲುತ್ತದೆ. ತಾನು ಓದಿದ್ದ ಎಲ್ಲ ಅರ್ಜಿಗಳೂ ಅವಳ ಕಣ್ಣ ಮುಂದೆ ಒಂದೊಂದಾಗಿ ಸರಿದವು: ಕತ್ತಿನ ಮೂಳೆ, ಭುಜದ ಮೂಳೆ, ಮಣಿಕಟ್ಟು. 'ಅಪಘಾತಕ್ಕೆ ಕಾರಣ' ಎಂಬ ಜಾಗದಲ್ಲಿ 'ಹೆಂಡತಿ' ಎಂದು ಬರೆದದ್ದನ್ನು ಅವಳು ಇಲ್ಲಿಯವರೆಗೆ ಓದಿರಲಿಲ್ಲ.

ಫೋನು ಕೈಗೆ ತೆಗೆದುಕೊಂಡಳು, ಕೆಳಗಿಟ್ಟಳು. ಕರೆ ಮಾಡಿದರೆ, ಇಳಿಜಾರಿನಲ್ಲಿ ಫೋನು ತೆಗೆಯಲು ಹೋಗಿ ಕೈಬಿಟ್ಟು ಬಿದ್ದಾನು. ಮಾಡದಿದ್ದರೆ ಬ್ರೇಕು ಹಿಡಿದುಕೊಂಡೇ ಬಿದ್ದಾನು. ಮಾಡಿ ಏನೆಂದು ಹೇಳುವುದು? ನಿನ್ನ ಮೇಲೆ ನಂಬಿಕೆ ಇರಲಿಲ್ಲ ಎಂದೇ? ಎಲ್ಲವನ್ನೂ ಅಜ್ಜಿಗೆ ಹೇಳಿದಳು. ಅವರು ಒಂದು ಸ್ಕೋನನ್ನು ಎರಡು ಹೋಳು ಮಾಡಿ ನಿಧಾನವಾಗಿ ಬೆಣ್ಣೆ ಸವರಿದರು.

"ಹೇಳಿದ್ರೆ ಬೈಸ್ಕೋತೀಯ. ಹೇಳದೇ ಇದ್ರೆ ಬೈಯೋಕೆ ಅವನಿರಲ್ಲ. ಯೋಚನೆ ಮಾಡು, ಮಗಳೇ."

ಬ್ರಿಟಾ ಕರೆ ಮಾಡಿದಳು. ಗಂಟೆ ಬಹಳ ಹೊತ್ತು ಹೊಡೆದುಕೊಂಡಿತು. ಆಮೇಲೆ ಗಾಳಿಯ ಸದ್ದು ಕೇಳಿತು, ಅದರೊಳಗಿಂದ ಕೋಲ್ಬಿಯ ದನಿ.

"ಏನಾಯ್ತು, ಜೂನಿಗೆ ಹುಷಾರಿಲ್ವಾ?"

"ನೀನು ಎಲ್ಲಿದೀಯ? ಇಳೀತಿದೀಯಾ?"

"ಮೇಲಿದೀನಿ. ನೀರು ಕುಡೀತಿದೀನಿ. ಇನ್ನೇನು ಹೊರಡಬೇಕು."

"ಹೊರಡಬೇಡ. ಕೋಲ್ಬಿ, ನಿನ್ನ ಸೈಕಲ್ಲಿನ ಬ್ರೇಕು ಇಲ್ಲಿನ ಹಾಗಿಲ್ಲ. ನಮ್ಮ ಊರಿನ ಹಾಗಿದೆ. ನಾನೇ ಹೇಳಿ ಮಾಡಿಸಿದ್ದು."



"ಅಯ್ಯೋ, ನೀನಾ ಅದು?" ಎಂದ ಕೋಲ್ಬಿ. "ಸೈಕಲ್ ಹತ್ತೋ ಮೊದ್ಲು ಯಾರಾದ್ರೂ ಎರಡು ಬ್ರೇಕೂ ಹಿಡಿದು ನೋಡ್ತಾರೆ ಕಣೇ. ಅಂಗಡಿ ಅಂಗಳದಲ್ಲೇ ಹಿಡಿದು ನೋಡಿದೆ, ಉಲ್ಟಾ ಇತ್ತು. ನನ್ನ ಮಾತಿನ ಧಾಟಿ ಕೇಳಿ ಈ ಗ್ರೆಗರ್ ಕನಿಕರ ಪಟ್ಟಿದಾನೆ ಅಂದ್ಕೊಂಡೆ. 'ನಿಮ್ಮ ಊರಲ್ಲಿ ಹೇಗಿರತ್ತೋ ಹಾಗೇ ಮಾಡಿ' ಅಂತ ಅವನಿಗೆ ಹೇಳಿ ವಾಪಸ್ ಹಾಕಿಸಿದೆ. ಅವನು ಒಂದು ಮಾತೂ ಆಡ್ಲಿಲ್ಲ."

ಬ್ರಿಟಾಳ ಮೈಯಿಂದ ಬೆಟ್ಟದಷ್ಟು ಭಾರ ಇಳಿಯಿತು. "ಹಾಗಾದ್ರೆ ಎಲ್ಲ ಸರಿಯಾಗಿದೆ. ಹೊರಡು."

"ಸರಿಯಾಗಿತ್ತು," ಎಂದ ಕೋಲ್ಬಿ ಬಹಳ ಗಂಭೀರವಾಗಿ. "ಬಲಗೈ ಮುಂದೆ, ಎಡಗೈ ಹಿಂದೆ ಅಂತ, ತುಂಬಿದ ಕೊಡ ಹೊತ್ತ ಹಾಗೆ ತಲೆಯಲ್ಲಿ ಹೊತ್ಕೊಂಡು ಬಂದಿದ್ದೆ. ನೀನು ಫೋನ್ ಮಾಡಿ ಅಲ್ಲಾಡಿಸಿದೆ. ಈಗ ಯಾವ ಕೈ ಯಾವುದು ಅಂತಾನೇ ಗೊತ್ತಾಗ್ತಿಲ್ಲ."

"ಬಲಗೈ ಮುಂದೆ," ಎನ್ನುತ್ತ ಬ್ರಿಟಾ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿ, ಗಾಳಿಯಲ್ಲಿ ಎರಡೂ ಕೈ ಚಾಚಿ ಬೆರಳು ಮಡಿಸಿ ನೋಡಿದಳು. ಅವಳಿಗೂ ಅನುಮಾನ ಬಂತು. "ಗ್ರೆಗರ್ ವ್ಯಾನಲ್ಲೇ ಕೆಳಗೆ ಬಂದುಬಿಡು."

"ವ್ಯಾನಲ್ಲಿ ಮೇಲೆ ಹೋಗ್ತಾರೆ. ಕೆಳಗೆ ಬಂದ ಗಂಡಸು ಇಲ್ಲೀವರೆಗೆ ಇಲ್ಲ."

"ಸೈಕಲ್ ತಳ್ಕೊಂಡು ನಡಿ."

"ಅದಕ್ಕಿಂತ ಬೀಳೋದೇ ವಾಸಿ." ಅವನು ದನಿ ತಗ್ಗಿಸಿದ. "ನೋಡು, ಬೆಟ್ಟದ ಹಿಂದುಗಡೆ ಕಾಡಿನ ರಸ್ತೆ ಇದೆ, ತುದೀವರೆಗೂ ಕಾರು ಬರತ್ತೆ. ಚೈನು ಕಿತ್ತೋಗಿದೆ ಅಂತ ಜೊತೆಗಿರೋ ಸವಾರರಿಗೆ ಹೇಳ್ತೀನಿ, ಇವರು ಹೊರಟುಹೋಗ್ತಾರೆ. ನೀನು ಸುಮ್ನೆ ಕಾರು ತಗೊಂಡು ಬಾ."

ಎಲ್ಸ್‌ಪೆತ್ ಅಜ್ಜಿ ಜೂನಿಯನ್ನು ಆಗಲೇ ತೊಡೆಯ ಮೇಲೆ ಕೂರಿಸಿಕೊಂಡಾಗಿತ್ತು. ಇನ್ನೊಂದು ಕೈಯಿಂದ, ಸ್ಕೋನಿನ ತಟ್ಟೆಯ ಪಕ್ಕದಲ್ಲಿದ್ದ ಕಾರಿನ ಕೀಲಿಕೈಯನ್ನು ಮೇಜಿನ ಮೇಲೆ ಅವಳತ್ತ ಮೆಲ್ಲಗೆ ತಳ್ಳಿದರು.

"ಕೋಲ್ಬಿ, ನನ್ನ ಕೈಲಾಗಲ್ಲ," ಎಂದಳು ಬ್ರಿಟಾ ಸಣ್ಣ ದನಿಯಲ್ಲಿ. "ಇಲ್ಲಿ ಎಲ್ಲಾನೂ ಉಲ್ಟಾ."

"ಮನುಷ್ಯ ಹೊಂದಿಕೊಳ್ತಾನೆ, ಬ್ರಿಟಾ. ಎಡಗಡೆ ಹಿಡ್ಕೊಂಡು ಬಾ. ರಸ್ತೆನ ಇನ್ನೂ ನೀನು ಬದಲಾಯಿಸ್ಲಿಲ್ಲ ತಾನೇ?"